ಎರಡನೇ ಕ್ಲಾಸ್ ಮಗಳು, ಫೇರ್‌ಫ್ಯಾಕ್ಸ್ ಎಎಪಿ: ಅರ್ಜಿ ಹಾಕಬೇಕಾ, ಕೋಚಿಂಗ್ ಬೇಕಾ, ಸಿಗದಿದ್ದರೆ ಏನು?

ಹರ್ನ್‌ಡನ್ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಈಗ ಎರಡನೇ ಕ್ಲಾಸ್, ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿ ಶಾಲೆ. ಮಗು ಹೇಗೆ ಯೋಚಿಸುತ್ತದೆ ಅಂತ ನೋಡುವ ಕಾಗ್ಯಾಟ್ ಪರೀಕ್ಷೆ ಮುಗಿದಿದೆ. ಗಿಫ್ಟೆಡ್ ಅಂತ ಕರೆಯುವ, ಓದಿನಲ್ಲಿ ತುಂಬಾ ಮುಂದಿರುವ ಮಕ್ಕಳ ಅಡ್ವಾನ್ಸ್ಡ್ ಅಕಾಡೆಮಿಕ್ ಪ್ರೋಗ್ರಾಂ, ಅಂದರೆ ಎಎಪಿಯ ಲೆವೆಲ್ ಫೋರ್‌ಗೆ ಅರ್ಜಿ ಹಾಕುವವರು ಡಿಸೆಂಬರ್ ಮಧ್ಯದೊಳಗೆ ಹಾಕಬೇಕು ಅಂತ ಮೇಲ್ ಬಂದಿದೆ. ನಾವು ಬೆಂಗಳೂರಿನಿಂದ ಬಂದು ಜಾಸ್ತಿ ವರ್ಷ ಆಗಿಲ್ಲ. ಪೂಲ್, ಸೆಂಟರ್, ಅಪೀಲು, ವಿಸ್ಕ್ ಅಂತ ಏನೇನೋ ಕಿವಿಗೆ ಬೀಳುತ್ತಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪಕ್ಕದ ಮನೆಯವರು ಒಂದನೇ ಕ್ಲಾಸಿನಿಂದಲೇ ಮಗನನ್ನು ಕೋಚಿಂಗ್‌ಗೆ ಕಳಿಸುತ್ತಿದ್ದಾರೆ.

ಮಗಳಿಗೆ ಓದೋದು ಅಂದರೆ ಪ್ರಾಣ. ಲೆಕ್ಕವೂ ಇಷ್ಟ. ಮನೆಯಲ್ಲಿ ಕನ್ನಡವೇ ಮಾತಾಡುತ್ತೇವೆ. ಆದರೆ ಕ್ಲಾಸಿನಲ್ಲಿ ತಾನಾಗಿ ಕೈ ಎತ್ತುವವಳಲ್ಲ. ಟೀಚರ್ ಹತ್ತಿರ ಕೇಳಿದರೆ "ತುಂಬಾ ಒಳ್ಳೆಯ ಹುಡುಗಿ, ಏನೂ ತೊಂದರೆ ಇಲ್ಲ" ಅಂದರು, ಅಷ್ಟೇ. ಅವಳಿಗೆ ಶಾಲೆ ಬೇಜಾರಾಗುತ್ತಿದೆ ಅಂತ ನನಗೆ ಅನಿಸುತ್ತಿದೆ. ಕೊಟ್ಟ ಕೆಲಸ ಬೇಗ ಮುಗಿಸಿ ಸುಮ್ನೆ ಕೂತಿರುತ್ತಾಳಂತೆ.

ಅರ್ಜಿ ಹಾಕಬೇಕಾ? ಇಷ್ಟು ತಡವಾಗಿ ಕೋಚಿಂಗ್ ಹಾಕಿಸಿದರೆ ಉಪಯೋಗ ಇದೆಯಾ? ಸಿಗದಿದ್ದರೆ ಮುಂದೆ ದಾರಿ ಮುಚ್ಚಿಹೋಗುತ್ತಾ? ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಚಾಂಟಿಲಿ ಹಳಬ:

ನಮಸ್ಕಾರ. ನನ್ನ ದೊಡ್ಡವಳು ಸೆಂಟರ್‌ನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಲೆವೆಲ್ ಫೋರ್ ಮಕ್ಕಳನ್ನು ಒಟ್ಟು ಸೇರಿಸುವ ಶಾಲೆಯಲ್ಲಿ ಓದಿದಳು. ಚಿಕ್ಕವನಿಗೆ ಲೆವೆಲ್ ಫೋರ್ ಸಿಗಲಿಲ್ಲ, ಮನೆ ಹತ್ತಿರದ ಶಾಲೆಯಲ್ಲೇ ಓದಿದ. ಎರಡೂ ದಾರಿ ನೋಡಿರುವುದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಲೆವೆಲ್ ಅಂದರೆ ಏನು ಅಂತ ತಿಳಿದುಕೊಳ್ಳಿ, ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಫೇರ್‌ಫ್ಯಾಕ್ಸ್‌ನಲ್ಲಿ ನಾಲ್ಕು ಲೆವೆಲ್ ಇವೆ. ಒಂದನೆಯದು ಎಲ್ಲ ಮಕ್ಕಳಿಗೂ ಇರುವಂಥದ್ದು, ಯೋಚನೆ ಬೆಳೆಸುವ ಪಾಠಗಳು. ಎರಡನೆಯದು ಯಾವುದಾದರೂ ಒಂದು ವಿಷಯದಲ್ಲಿ ಮುಂದಿರುವ ಮಗುವಿಗೆ, ಅದೇ ಕ್ಲಾಸಿನಲ್ಲಿ, ಆ ವಿಷಯದಲ್ಲಿ ಮಾತ್ರ ಹೆಚ್ಚಿನ ಕೆಲಸ. ಮೂರನೆಯದು ಅರೆಕಾಲಿಕ. ಶಾಲೆಯಲ್ಲಿ ಇದಕ್ಕೆಂದೇ ಇರುವ ಟೀಚರ್, ಎಎಆರ್‌ಟಿ ಅಂತ ಕರೆಯುತ್ತಾರೆ, ಅವರು ಗುಂಪು ಮಾಡಿ ಪಾಠ ಮಾಡುತ್ತಾರೆ ಅಥವಾ ಕ್ಲಾಸ್ ಟೀಚರ್ ಜೊತೆ ಸೇರಿ ಪಾಠ ಸಿದ್ಧ ಮಾಡುತ್ತಾರೆ. ನಾಲ್ಕನೆಯದು ಪೂರ್ತಿ ದಿನದ್ದು, ಮೂರನೇ ಕ್ಲಾಸಿನಿಂದ ಶುರು. ಎರಡು ಮತ್ತು ಮೂರನ್ನು ನಿಮ್ಮ ಶಾಲೆಯೇ ತೀರ್ಮಾನ ಮಾಡುತ್ತದೆ. ನಾಲ್ಕನೆಯದನ್ನು ಮಾತ್ರ ಕೌಂಟಿ ಮಟ್ಟದ ಸಮಿತಿ ನೋಡುತ್ತದೆ.

ನಮ್ಮವರು ಮಾತಾಡುವುದೆಲ್ಲ ನಾಲ್ಕರ ಬಗ್ಗೆ. ಎರಡು, ಮೂರು ಇವೆ ಅನ್ನುವುದೇ ಬಹಳ ಮನೆಗಳಿಗೆ ಗೊತ್ತಿಲ್ಲ. ನಿಮ್ಮ ಮಗಳು ಕೆಲಸ ಮುಗಿಸಿ ಸುಮ್ನೆ ಕೂರುತ್ತಾಳೆ ಅಂದಿರಲ್ಲ, ಅದಕ್ಕೆ ಮುಂದಿನ ಶಾಲಾ ವರ್ಷದವರೆಗೆ ಕಾಯಬೇಕಾಗಿಲ್ಲ. ಈ ವಾರವೇ ಎಎಆರ್‌ಟಿಗೆ ಮೇಲ್ ಬರೆದು ಲೆವೆಲ್ ಎರಡು, ಮೂರಕ್ಕೆ ನೋಡಿ ಅಂತ ಕೇಳಬಹುದು. ನಾಲ್ಕಕ್ಕೂ ಹಾಕಿ. ಒಂದಕ್ಕೆ ಹಾಕಿದರೆ ಇನ್ನೊಂದು ತಪ್ಪುತ್ತದೆ ಅಂತ ಏನಿಲ್ಲ.

ಇನ್ನು ಪೂಲ್ ವಿಷಯ. ಪರೀಕ್ಷೆಯಲ್ಲಿ ತಮ್ಮ ಶಾಲೆಯ ಮಕ್ಕಳ ಹೋಲಿಕೆಯಲ್ಲಿ ಮೇಲಿರುವವರ ಫೈಲನ್ನು ಶಾಲೆಯೇ ಸಮಿತಿಗೆ ಕಳಿಸುತ್ತದೆ. ಅದು ಪೂಲ್. ಅದರಲ್ಲಿ ಹೆಸರು ಇಲ್ಲದಿದ್ದರೆ ಅಪ್ಪ ಅಮ್ಮ ರೆಫರಲ್, ಅಂದರೆ ನಮ್ಮ ಮಗುವನ್ನೂ ನೋಡಿ ಅನ್ನುವ ಅರ್ಜಿ, ಹಾಕಬಹುದು. ಪೂಲ್‌ನಲ್ಲಿ ಇದ್ದರೂ ಸೀಟು ಖಾತ್ರಿ ಅಲ್ಲ, ಇಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ. ಸಮಿತಿ ನೋಡುವುದು ಇಡೀ ಫೈಲನ್ನು: ಪರೀಕ್ಷೆ ಅಂಕ, ಟೀಚರ್ ತುಂಬುವ ಹೋಪ್ ಅನ್ನುವ ರೇಟಿಂಗ್, ಪ್ರೋಗ್ರೆಸ್ ರಿಪೋರ್ಟ್, ಮಗುವಿನ ಕೆಲಸದ ಮಾದರಿಗಳು, ನೀವು ತುಂಬಿದ ಪ್ರಶ್ನಾವಳಿ. ಇಷ್ಟು ಅಂಕ ಬಂದರೆ ಪಾಸು ಅನ್ನುವ ಗೆರೆ ಇಲ್ಲ. 140 ಬಂದ ಮಗುವಿಗೆ ಸಿಗಲಿಲ್ಲ, 120 ಬಂದವಳಿಗೆ ಸಿಕ್ಕಿತು ಅಂತ ಜನ ಸಿಟ್ಟಾಗುತ್ತಾರೆ. ಅಂಕದ ಪಕ್ಕದಲ್ಲಿ ಏನಿತ್ತು ಅಂತ ನಮಗೆ ಕಾಣುವುದಿಲ್ಲ.

ಉತ್ತರ ಬರುವುದು ವಸಂತದಲ್ಲಿ. ಇಲ್ಲ ಅಂತ ಬಂದರೆ ಅಪೀಲು ಹಾಕಬಹುದು, ಆದರೆ ಹೊಸ ಮಾಹಿತಿ ಏನಾದರೂ ಸೇರಿಸಬೇಕು. ಅದೇ ಕಾಗದಗಳನ್ನು ಮತ್ತೆ ಕಳಿಸಿ "ದಯವಿಟ್ಟು ಇನ್ನೊಮ್ಮೆ ನೋಡಿ" ಅಂದರೆ ಏನೂ ಆಗಲ್ಲ. ಮುಂದಿನ ವರ್ಷವೂ ಹಾಕಬಹುದು. ಸಿಕ್ಕಿದರೆ ಅರ್ಹತೆ ಎಂಟನೇ ಕ್ಲಾಸಿನವರೆಗೂ ಇರುತ್ತದೆ.

ಕೊನೆಯ ಪ್ರಶ್ನೆಗೆ ಉತ್ತರ. ದಾರಿ ಮುಚ್ಚುವುದಿಲ್ಲ. ಏಳನೇ ಕ್ಲಾಸಿನಲ್ಲಿ ಆಲ್ಜಿಬ್ರಾ ಒನ್ ತೆಗೆದುಕೊಳ್ಳಲು ಎಎಪಿ ಮಗುವೇ ಆಗಿರಬೇಕು ಅಂತಿಲ್ಲ. ನನ್ನ ಮಗ ಲೆವೆಲ್ ಮೂರರಲ್ಲಿದ್ದು ಅಲ್ಲಿಗೆ ಹೋದ. ಮಿಡ್ಲ್ ಸ್ಕೂಲಿನಲ್ಲಿ ಆನರ್ಸ್ ಅನ್ನುವ ಮೇಲ್ಮಟ್ಟದ ಕ್ಲಾಸುಗಳಿಗೆ ಯಾರು ಬೇಕಾದರೂ ಸೇರಬಹುದು.

ನಾನು ಖಡಾಖಂಡಿತವಾಗಿ ಹೇಳುವುದು ಒಂದೇ. ಮಗು ದಿನಾ ಕ್ಲಾಸಿನಲ್ಲಿ ಏನು ಕಲಿಯುತ್ತಿದೆ ಅನ್ನುವುದನ್ನು ಹಿಡಿದು ಕೇಳಿ. ಅದು ಯಾವ ಲೆವೆಲ್‌ನಿಂದ ಸಿಗುತ್ತದೆ ಅನ್ನುವುದು ಆಮೇಲಿನ ಮಾತು.

ಆಶ್‌ಬರ್ನ್ ಅಪ್ಪ:

ಹಳಬರು ಹೇಳಿದ್ದು ಸರಿ ಇರಬಹುದು. ಆದರೆ ಕೋಚಿಂಗ್ ವಿಷಯವನ್ನು ಅವರು ಮುಟ್ಟಲೇ ಇಲ್ಲ. ಎಲ್ಲರೂ ಮಾಡಿಸುತ್ತಾರೆ. ನಾವು ಮಾಡಿಸದಿದ್ದರೆ ನಮ್ಮ ಮಗು ಹಿಂದೆ ಬೀಳುತ್ತದೆ, ಅಷ್ಟೇ. ನಾವೆಲ್ಲ ಸಿಇಟಿಗೆ ಕೋಚಿಂಗ್ ತೆಗೆದುಕೊಂಡು ತಾನೇ ಇಲ್ಲಿವರೆಗೆ ಬಂದದ್ದು? ಇದರಲ್ಲಿ ತಪ್ಪೇನಿದೆ? ಹಣ ಇದೆ, ಮಗುವಿಗೆ ಆಸಕ್ತಿ ಇದೆ, ಕಳಿಸಿ.

ಚಾಂಟಿಲಿ ಹಳಬ:

ಸಿಇಟಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ ಸರ್. ಸಿಇಟಿಯಲ್ಲಿ ಕೇಳುವುದು ಓದಿದ ಪಾಠವನ್ನು. ಜಾಸ್ತಿ ಓದಿದವನಿಗೆ ಜಾಸ್ತಿ ಗೊತ್ತಿರುತ್ತದೆ, ಅದು ನ್ಯಾಯ. ಕಾಗ್ಯಾಟ್, ಅದರ ಥರದ್ದೇ ಇನ್ನೊಂದು ಪರೀಕ್ಷೆಯಾದ ಎನ್‌ಎನ್‌ಎಟಿ ಕೇಳುವುದು ಹೊಸ ಚಿತ್ರ, ಹೊಸ ವಿನ್ಯಾಸ ಮುಂದಿಟ್ಟಾಗ ಮಗು ಹೇಗೆ ಯೋಚಿಸುತ್ತದೆ ಅಂತ. ಎನ್‌ಎನ್‌ಎಟಿಯಲ್ಲಿ ಅರ್ಧ ಗಂಟೆಯಲ್ಲಿ 48 ಪ್ರಶ್ನೆ, ಎಲ್ಲ ಆಕಾರಗಳೇ. ತಿಂಗಳುಗಟ್ಟಲೆ ಅದೇ ಮಾದರಿ ತಿದ್ದಿಸಿದರೆ ಮಗುವಿಗೆ ಅದು ಹೊಸದಾಗಿ ಉಳಿಯುವುದೇ ಇಲ್ಲ. ಆಗ ಅಂಕ ಏನನ್ನು ತೋರಿಸುತ್ತದೆ ಹೇಳಿ.

ಪ್ರಶ್ನೆ ಹೇಗಿರುತ್ತದೆ ಅಂತ ಒಂದೆರಡು ಸಲ ತೋರಿಸುವುದು, ಎಲ್ಲ ಉತ್ತರಗಳನ್ನೂ ನೋಡಿ ಆಮೇಲೆ ಗುರುತು ಹಾಕು ಅಂತ ಹೇಳಿಕೊಡುವುದು, ರಾತ್ರಿ ಬೇಗ ಮಲಗಿಸುವುದು, ಇದಿಷ್ಟು ಯಾವ ಅಪ್ಪ ಅಮ್ಮನೂ ಮಾಡಬೇಕು. ಏಳು ವರ್ಷದ ಮಗುವಿನ ಶನಿವಾರಗಳನ್ನೆಲ್ಲ ಇದಕ್ಕೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಹರ್ನ್‌ಡನ್ ಅಮ್ಮ, ನಿಮ್ಮ ವಿಷಯದಲ್ಲಿ ಪರೀಕ್ಷೆಯೇ ಮುಗಿದಿದೆ. ಆ ದುಡ್ಡನ್ನು ಉಳಿಸಿಕೊಳ್ಳಿ.

ಆಶ್‌ಬರ್ನ್ ಅಪ್ಪ:

ಒಪ್ಪಲು ಕಷ್ಟ. ಬೇರೆಯವರು ನಿಲ್ಲಿಸುವವರೆಗೆ ನಾನೂ ನಿಲ್ಲಿಸಲಾರೆ. ಆದರೆ ಅಂಕ ಬಂದ ಮೇಲೆ ಅದನ್ನು ಓದುವುದು ಹೇಗೆ ಅಂತ ಯಾರಾದರೂ ಹೇಳಿ. ನಮಗೆ ಬಂದ ಹಾಳೆಯಲ್ಲಿ "8ಬಿ" ಅಂತೆಲ್ಲ ಏನೋ ಇದೆ.

ಕ್ಲಾಸ್ ಟೀಚರ್, ವರ್ಜೀನಿಯಾ:

ನಾನು ಎಲಿಮೆಂಟರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಊರು ಶಿವಮೊಗ್ಗ ಕಡೆ. ಆ ಹಾಳೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ.

ಕಾಗ್ಯಾಟ್‌ನಲ್ಲಿ ಮೂರು ಭಾಗ: ವರ್ಬಲ್, ಕ್ವಾಂಟಿಟೇಟಿವ್, ನಾನ್‌ವರ್ಬಲ್. ಒಂದೊಂದರಲ್ಲೂ ಮೂರು ಮೂರು ಪರೀಕ್ಷೆ. ಎಸ್‌ಎಎಸ್ ಅನ್ನುವ ಅಂಕದಲ್ಲಿ ಸರಾಸರಿ 100, ಮೇಲಿನ ಮಿತಿ 160. 116 ಬಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 84 ಜನರಿಗಿಂತ ಮೇಲೆ, 132 ಬಂದರೆ ಸುಮಾರು 98 ಜನರಿಗಿಂತ ಮೇಲೆ. ಪರ್ಸೆಂಟೈಲ್ ಅಂದರೆ ಇದೇ. ನೂರಕ್ಕೆ 98 ಅಂಕ ತೆಗೆದಳು ಅಂತ ಅರ್ಥ ಮಾಡಿಕೊಳ್ಳಬೇಡಿ. ಬಹಳ ಜನ ಹಾಗೇ ತಿಳಿದಿರುತ್ತಾರೆ.

"8ಬಿ" ಅನ್ನುವುದು ಪ್ರೊಫೈಲ್. ಮೊದಲಿನ ಅಂಕಿ 1ರಿಂದ 9ರವರೆಗೆ, ಮಗು ಒಟ್ಟಾರೆ ಎಲ್ಲಿದೆ ಅಂತ ಹೇಳುತ್ತದೆ. ಅಕ್ಷರ ಇನ್ನೂ ಮುಖ್ಯ. ಎ ಅಂದರೆ ಮೂರೂ ಭಾಗ ಹೆಚ್ಚು ಕಡಿಮೆ ಒಂದೇ ಮಟ್ಟ. ಬಿ ಅಂದರೆ ಒಂದು ಭಾಗ ಉಳಿದೆರಡಕ್ಕಿಂತ ಮೇಲೋ ಕೆಳಗೋ ಇದೆ. ಸಿ ಅಂದರೆ ಒಂದು ಮೇಲೆ, ಇನ್ನೊಂದು ಕೆಳಗೆ. ಇ ಅಂದರೆ ಎರಡು ಭಾಗಗಳ ನಡುವೆ 24 ಅಂಕ ಅಥವಾ ಅದಕ್ಕಿಂತ ಜಾಸ್ತಿ ಅಂತರ. ಅಕ್ಷರದ ಪಕ್ಕ ಯಾವ ಭಾಗ ಅಂತಲೂ, ಕೂಡಿಸು ಕಳೆ ಗುರುತೂ ಇರುತ್ತದೆ. ಎಲ್ಲರೂ ಒಟ್ಟು ಅಂಕ ನೋಡಿ ಹಾಳೆ ಮಡಚಿಡುತ್ತಾರೆ. ಕ್ವಾಂಟಿಟೇಟಿವ್ ಒಂದೇ ತುಂಬಾ ಮೇಲಿದೆ ಅಂತಿಟ್ಟುಕೊಳ್ಳಿ. ಆ ಮಗುವಿಗೆ ಗಣಿತದಲ್ಲಿ ಲೆವೆಲ್ ಎರಡು ಕೇಳಲು ಅದಕ್ಕಿಂತ ಒಳ್ಳೆಯ ಆಧಾರ ಬೇಕಾ?

ಇನ್ನು ಹರ್ನ್‌ಡನ್ ಅಮ್ಮ ಅವರಿಗೆ. "ಒಳ್ಳೆಯ ಹುಡುಗಿ, ತೊಂದರೆ ಇಲ್ಲ" ಅನ್ನುವ ಮಾತು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ಚಿಲ್ಲರೆ ಮಕ್ಕಳ ಕ್ಲಾಸಿನಲ್ಲಿ ಗಲಾಟೆ ಮಾಡದೆ, ಕೆಲಸ ಮುಗಿಸಿ, ಪುಸ್ತಕ ಹಿಡಿದು ಕೂರುವ ಹುಡುಗಿ ಟೀಚರ್ ಕಣ್ಣಿಗೆ ಬೀಳುವುದು ಕೊನೆಗೆ. ನಮ್ಮ ಮನೆಗಳ ಹೆಣ್ಣುಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ, ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ದೊಡ್ಡವರ ಎದುರು ತಾನಾಗಿ ಮಾತಾಡಬಾರದು ಅಂತ ಮನೆಯಲ್ಲಿ ಕಲಿತಿರುತ್ತಾಳೆ. ಶಾಲೆಯಲ್ಲಿ ಅದೇ ಅವಳಿಗೆ ಅಡ್ಡ ಬರುತ್ತದೆ.

ಹೋಪ್ ರೇಟಿಂಗ್ ಅನ್ನುವುದು ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ತಯಾರಾದ ಪಟ್ಟಿ, 11 ಅಂಶಗಳು. ಓದಿಗೆ ಸಂಬಂಧಿಸಿದವು ಕೆಲವು, ಸಾಮಾಜಿಕ ಗುಣಗಳಿಗೆ ಸಂಬಂಧಿಸಿದವು ಕೆಲವು. ಕುತೂಹಲ ಇದೆಯಾ, ತಾನೇ ಹೊಸದಾಗಿ ಯೋಚಿಸುತ್ತಾಳಾ, ಬೇರೆಯವರ ಭಾವನೆ ಗಮನಿಸುತ್ತಾಳಾ, ಇಂಥವು. ಅದೇ ವಯಸ್ಸಿನ, ಅದೇ ರೀತಿಯ ಅನುಭವ ಮತ್ತು ಪರಿಸರ ಇರುವ ಮಕ್ಕಳ ಜೊತೆ ಹೋಲಿಸಿ ತುಂಬಬೇಕು. ಅದನ್ನು ತುಂಬುವ ಟೀಚರ್‌ಗೆ ಮಗು ಗೊತ್ತಿರಬೇಕು ಅಲ್ವಾ? ಹಾಗಾಗಿ ನವೆಂಬರ್‌ನಲ್ಲಿ ಟೀಚರ್ ಜೊತೆ ನಡೆಯುವ ಕಾನ್ಫರೆನ್ಸ್‌ಗೆ ಖಾಲಿ ಕೈಯಲ್ಲಿ ಹೋಗಬೇಡಿ. ಮಗಳು ಮನೆಯಲ್ಲಿ ತಾನಾಗಿ ಮಾಡಿದ್ದನ್ನು ತೆಗೆದುಕೊಂಡು ಹೋಗಿ. ಬರೆದ ಕತೆ, ಮಾಡಿದ ನಕ್ಷೆ, ಏನಾದರೂ. "ಅವಳು ಗಿಫ್ಟೆಡ್ ಅಂತ ನಿಮಗೆ ಅನಿಸುತ್ತಾ" ಅಂತ ಕೇಳಬೇಡಿ. ಆ ಪ್ರಶ್ನೆಗೆ ಟೀಚರ್ ಬಾಯಿಗೆ ಬೀಗ ಬೀಳುತ್ತದೆ. "ಕೆಲಸ ಬೇಗ ಮುಗಿದಾಗ ಅವಳು ಏನು ಮಾಡುತ್ತಾಳೆ? ಯಾವ ಗಣಿತ ಗುಂಪಿನಲ್ಲಿದ್ದಾಳೆ? ಐ-ರೆಡಿ ಅನ್ನುವ ಕಂಪ್ಯೂಟರ್ ಪರೀಕ್ಷೆಯಲ್ಲಿ ಎಲ್ಲಿದ್ದಾಳೆ? ಮುಂದಿನ ಘಟಕದ ಪಾಠ ಈಗಾಗಲೇ ಗೊತ್ತಿದ್ದರೆ ಏನು ಕೊಡುತ್ತೀರಿ?" ಇವನ್ನು ಕೇಳಿ. ಟೀಚರ್‌ಗೂ ಉತ್ತರ ಹೇಳಲು ಸುಲಭ, ಅವಳನ್ನು ಮುಂದಿನ ವಾರದಿಂದ ಗಮನಿಸಲೂ ಶುರು ಮಾಡುತ್ತಾರೆ.

ಎಡಿಸನ್ ಅಪ್ಪ:

ನ್ಯೂಜೆರ್ಸಿಯಿಂದ ಒಂದು ಮಾತು. ಇಲ್ಲಿ ನಾಲ್ಕು ಲೆವೆಲ್ ಎಲ್ಲ ಇಲ್ಲ, ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟ್‌ದು, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತದ್ದು, ಒಂದೊಂದು ಪದ್ಧತಿ. ಇಡೀ ದೇಶಕ್ಕೆ ಒಂದೇ ಕಾನೂನು ಇಲ್ಲದಿರುವುದೇ ಇದಕ್ಕೆ ಕಾರಣ. ಕೇಂದ್ರ ಸರ್ಕಾರದ 1988ರ ಜಾವಿಟ್ಸ್ ಕಾಯ್ದೆ ಸಂಶೋಧನೆಗೆ ಹಣ ಕೊಡುತ್ತದೆ, ಶಾಲೆಗಳ ಮೇಲೆ ಕಡ್ಡಾಯ ಹೇರುವುದಿಲ್ಲ. ನಮ್ಮ ರಾಜ್ಯದಲ್ಲಿ 2020ರಲ್ಲಿ ಒಂದು ಕಾಯ್ದೆ ಬಂತು. ಕಿಂಡರ್‌ಗಾರ್ಟನ್‌ನಿಂದ ಹನ್ನೆರಡರವರೆಗೆ ಗುರುತಿಸಬೇಕು, ಒಂದೇ ಪರೀಕ್ಷೆ ನೆಚ್ಚಬಾರದು, ಪೂರ್ತಿ ವಿವರ ಡಿಸ್ಟ್ರಿಕ್ಟ್ ವೆಬ್‌ಸೈಟ್‌ನಲ್ಲಿ ಹಾಕಬೇಕು, ಪಾಲಿಸದಿದ್ದರೆ ಪೋಷಕರು ಮೊದಲು ಸ್ಥಳೀಯ ಬೋರ್ಡಿಗೆ, ಅಲ್ಲಿ ಆಗದಿದ್ದರೆ ರಾಜ್ಯದ ಕಮಿಷನರ್‌ಗೆ ದೂರು ಕೊಡಬಹುದು. ಇಲ್ಲಿ ಮಗುವನ್ನು ಹೋಲಿಸುವುದು ಅದೇ ಡಿಸ್ಟ್ರಿಕ್ಟ್‌ನ ಅದೇ ವಯಸ್ಸಿನ ಮಕ್ಕಳ ಜೊತೆ. ಹಾಗಾಗಿ ಒಂದು ಊರಿನಲ್ಲಿ ಸಿಕ್ಕ ಮಗುವಿಗೆ ಪಕ್ಕದ ಊರಿಗೆ ಮನೆ ಬದಲಿಸಿದರೆ ಸಿಗದೇ ಇರಬಹುದು. ಮಗು ಅದೇ, ಹೋಲಿಕೆ ಬೇರೆ. ಮಗುವಿಗೆ ಇದನ್ನು ತಿಳಿಸಿ ಹೇಳಬೇಕು, ಇಲ್ಲದಿದ್ದರೆ ತನ್ನಲ್ಲೇ ಏನೋ ಕಡಿಮೆಯಾಯಿತು ಅಂತ ಕೊರಗುತ್ತದೆ.

ಜರ್ಮನ್‌ಟೌನ್:

ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯಲ್ಲಿ ಇನ್ನೂ ಬೇರೆ. ನಾಲ್ಕು ಮತ್ತು ಐದನೇ ಕ್ಲಾಸಿಗೆ ಸೆಂಟರ್ಸ್ ಫಾರ್ ಎನ್ರಿಚ್ಡ್ ಸ್ಟಡೀಸ್ ಇದೆ. ಅರ್ಹತೆಯ ಗೆರೆ ದಾಟಿದ ಮಕ್ಕಳ ಹೆಸರುಗಳನ್ನು ಲಾಟರಿಗೆ ಹಾಕುತ್ತಾರೆ. ಲಾಟರಿಯಲ್ಲಿ ಬಾರದವರಿಗೆ ಅವರ ಶಾಲೆಯಲ್ಲೇ ಹೆಚ್ಚಿನ ಮಟ್ಟದ ಓದು ಬರಹದ ಪಾಠ ಇರುತ್ತದೆ. ನಮ್ಮ ಮಗನ ಹೆಸರು ಲಾಟರಿಯಲ್ಲಿ ಬರಲಿಲ್ಲ. ಅವನಿಗೆ ಮನೆ ಹತ್ತಿರವೇ ಆ ಪಾಠ ಸಿಗುತ್ತಿದೆ, ಗೆಳೆಯರೂ ಜೊತೆಗಿದ್ದಾರೆ, ಖುಷಿಯಾಗಿದ್ದಾನೆ.

ರೆಸ್ಟನ್ ಹೊಸಬಳು:

ಒಂದು ಪಕ್ಕದ ಪ್ರಶ್ನೆ, ಆದರೆ ನನಗೆ ತುಂಬಾ ಕಾಡುತ್ತಿದೆ. ಶಾಲೆಗೆ ಸೇರಿಸುವಾಗ ಹೋಮ್ ಲ್ಯಾಂಗ್ವೇಜ್ ಸರ್ವೇ ಅಂತ ತುಂಬಬೇಕಲ್ಲ, ಅದರಲ್ಲಿ ಕನ್ನಡ ಅಂತ ಬರೆದರೆ ಮಗುವನ್ನು ಈಎಸ್‌ಎಲ್‌ಗೆ, ಅಂದರೆ ಇಂಗ್ಲಿಷ್ ಬಾರದ ಮಕ್ಕಳ ಪಾಠಕ್ಕೆ, ಹಾಕುತ್ತಾರೆ, ಆಮೇಲೆ ಎಎಪಿಗೆ ತೆಗೆದುಕೊಳ್ಳುವುದಿಲ್ಲ ಅಂತ ಒಬ್ಬರು ಹೇಳಿದರು. ಇಂಗ್ಲಿಷ್ ಅಂತ ಬರೆಯಿರಿ, ಮನೆಯಲ್ಲೂ ಈಗಿನಿಂದ ಇಂಗ್ಲಿಷ್ ಮಾತಾಡಿ ಅಂದರು. ಮಗ ಮುಂದಿನ ವರ್ಷ ಕಿಂಡರ್‌ಗಾರ್ಟನ್. ಅಜ್ಜಿ ತಾತನ ಜೊತೆ ಕನ್ನಡದಲ್ಲೇ ಹರಟುತ್ತಾನೆ. ನಿಲ್ಲಿಸಬೇಕಾ?

ಕ್ಲಾಸ್ ಟೀಚರ್, ವರ್ಜೀನಿಯಾ:

ಬೇಡ ಬೇಡ, ದಯವಿಟ್ಟು ನಿಲ್ಲಿಸಬೇಡಿ. ಸರ್ವೇಯಲ್ಲಿ ನಿಜ ಬರೆಯಿರಿ. ಬೇರೆ ಭಾಷೆ ಬರೆದರೆ ಮಗುವಿಗೆ ವೀಡಾ ಅನ್ನುವ ಒಂದು ಸಣ್ಣ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಕಲಿಯಲು ಸಹಾಯ ಸಿಗುತ್ತದೆ, ವರ್ಷಕ್ಕೊಮ್ಮೆ ಮತ್ತೆ ನೋಡಿ, ಬಂದ ಮೇಲೆ ಅದರಿಂದ ಹೊರಗೆ ತರುತ್ತಾರೆ. ಸಹಾಯ ಬೇಡ ಅಂತ ಬರೆದುಕೊಡುವ ಹಕ್ಕೂ ನಿಮಗಿದೆ.

ಇಂಗ್ಲಿಷ್ ಕಲಿಯುತ್ತಿರುವ ಮಗು ಅನ್ನುವ ಒಂದೇ ಕಾರಣಕ್ಕೆ ಗಿಫ್ಟೆಡ್ ಪಾಠದಿಂದ ಹೊರಗಿಡುವ ಹಾಗಿಲ್ಲ. 1964ರ ಸಿವಿಲ್ ರೈಟ್ಸ್ ಕಾಯ್ದೆ ಇದೆ, ಅದರ ಮೇಲೆ 1974ರಲ್ಲಿ ಲಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿದೆ. ಇಂಗ್ಲಿಷ್ ಬಾರದ ಮಗುವಿಗೂ ಶಾಲೆಯ ಪಾಠ ನಿಜವಾಗಿ ದಕ್ಕಬೇಕು ಅನ್ನುವುದು ಅದರ ತಿರುಳು. ಪರೀಕ್ಷೆಯಲ್ಲೂ ಇದಕ್ಕೆ ಜಾಗ ಇದೆ. ಎರಡನೇ ಕ್ಲಾಸಿನವರೆಗಿನ ಕಾಗ್ಯಾಟ್ ಬಹುಪಾಲು ಚಿತ್ರಗಳಲ್ಲಿ ಇರುತ್ತದೆ, ಮಗು ಓದಬೇಕಾಗಿಲ್ಲ. ಕೇಳಿಸಿಕೊಂಡು ಉತ್ತರಿಸುವ ವಾಕ್ಯದ ಭಾಗ ಒಂದಿದೆ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಅದನ್ನು ಬಿಟ್ಟು ಅಂಕ ಲೆಕ್ಕ ಹಾಕಲು ಅವಕಾಶ ಇದೆ.

ಅಜ್ಜಿ ತಾತನ ಜೊತೆ ಹರಟುವ ಮಗು ಕತೆ ಕಟ್ಟುತ್ತದೆ, ವಾದ ಮಾಡುತ್ತದೆ, ಯಾಕೆ ಏನು ಅಂತ ಕೇಳುತ್ತದೆ. ಆ ಯೋಚನೆ ಇಂಗ್ಲಿಷ್‌ಗೂ ಬರುತ್ತದೆ. ಯಾವುದೋ ಒಂದು ಸೀಟಿಗಾಗಿ ಮನೆಯ ಮಾತನ್ನು ಬಿಡುವುದು ತುಂಬಾ ದೊಡ್ಡ ಬೆಲೆ. ಅದನ್ನು ಕೊಡಿ ಅಂತ ಯಾವ ಶಾಲೆಯೂ ಕೇಳುತ್ತಿಲ್ಲ.

ರೆಸ್ಟನ್ ಹೊಸಬಳು:

ತುಂಬಾ ಥ್ಯಾಂಕ್ಸ್ ಮೇಡಂ. ಇವತ್ತೇ ಅತ್ತೆ ಮಾವನಿಗೆ ಹೇಳುತ್ತೇನೆ, ಅವರಿಗೂ ಇದೇ ಚಿಂತೆ ಆಗಿತ್ತು.

ನಿಧಾನ ಓದುವವನ ತಾಯಿ:

ನಮ್ಮದು ಬೇರೆ ಕತೆ, ಊರು ಹೇಳಲ್ಲ. ಮಗನಿಗೆ ಡಿಸ್ಲೆಕ್ಸಿಯಾ. ಮಾತಾಡಿದರೆ ದೊಡ್ಡವರು ಬೆರಗಾಗಬೇಕು, ಓದಲು ಬರೆಯಲು ಕೊಟ್ಟರೆ ಒಂದು ಪುಟಕ್ಕೆ ಸಾಕಾಗುತ್ತದೆ. "ಮೊದಲು ಓದುವುದು ಸರಿಹೋಗಲಿ, ಆಮೇಲೆ ಗಿಫ್ಟೆಡ್ ನೋಡೋಣ" ಅಂತ ಶಾಲೆಯಲ್ಲಿ ಹೇಳಿದರು. ನಾನು ಅದನ್ನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು. ಇಂಥ ಮಕ್ಕಳನ್ನು ಟ್ವೈಸ್ ಎಕ್ಸೆಪ್ಷನಲ್ ಅಂತ ಕರೆಯುತ್ತಾರೆ, ಶಾಲೆಯವರು 2ಇ ಅನ್ನುತ್ತಾರೆ.

ನಾವು ಖಾಸಗಿಯಾಗಿ ವಿಸ್ಕ್ ಮಾಡಿಸಿದೆವು. ಮನಶ್ಶಾಸ್ತ್ರಜ್ಞರು ಮಗುವಿನ ಜೊತೆ ಒಬ್ಬರೇ ಕೂತು ಮಾಡುವ ಪರೀಕ್ಷೆ ಅದು, ನೂರು ಮಕ್ಕಳು ಒಟ್ಟಿಗೆ ಕೂತು ಬರೆಯುವಂಥದ್ದಲ್ಲ. ಅದರಲ್ಲಿ ಐದು ಭಾಗ ಇವೆ. ಮಗನಿಗೆ ಮಾತಿನ ತಿಳಿವು, ತರ್ಕ ತುಂಬಾ ಮೇಲೆ, ಪ್ರೊಸೆಸಿಂಗ್ ಸ್ಪೀಡ್ ತುಂಬಾ ಕೆಳಗೆ. ಒಟ್ಟು ಐಕ್ಯೂ ತೆಗೆದರೆ ನಡುವೆ ಎಲ್ಲೋ ಬಂದು ನಿಂತಿತು. ಅದು ಅವನ ಯಾವ ಮುಖವನ್ನೂ ತೋರಿಸಲಿಲ್ಲ. ಆಗ ಆ ಮನಶ್ಶಾಸ್ತ್ರಜ್ಞರೇ ಜಿಎಐ ಅನ್ನುವ ಇನ್ನೊಂದು ಅಂಕ ತೆಗೆದುಕೊಟ್ಟರು. ವೇಗ ಮತ್ತು ತಕ್ಷಣದ ನೆನಪಿನ ಭಾಗ ಬಿಟ್ಟು ಲೆಕ್ಕ ಹಾಕುವಂಥದ್ದು. ಅಮೆರಿಕದ ಗಿಫ್ಟೆಡ್ ಮಕ್ಕಳ ರಾಷ್ಟ್ರೀಯ ಸಂಘವೂ 2018ರಲ್ಲಿ ಇಂಥ ಮಕ್ಕಳಿಗೆ ಜಿಎಐಯಂಥ ಅಂಕಗಳನ್ನು ಪರಿಗಣಿಸಬೇಕು ಅಂತ ಹೇಳಿದೆ. ರಿಪೋರ್ಟ್ ಜೊತೆ ಆ ಮಾತನ್ನೂ ಲಗತ್ತಿಸಿ ಕೊಟ್ಟೆವು.

ಅವನು ಈಗ ಗಿಫ್ಟೆಡ್ ಕ್ಲಾಸಿನಲ್ಲಿದ್ದಾನೆ, 504 ಯೋಜನೆಯೂ ಇದೆ, ಅಂದರೆ ಇಂಥ ತೊಂದರೆ ಇರುವ ಮಗುವಿಗೆ ಶಾಲೆ ಕೊಡಬೇಕಾದ ಅನುಕೂಲಗಳ ಪಟ್ಟಿ. ಪುಸ್ತಕ ಕೇಳಿಸಿಕೊಳ್ಳುತ್ತಾನೆ, ಉತ್ತರ ಟೈಪ್ ಮಾಡುತ್ತಾನೆ, ಪರೀಕ್ಷೆಗೆ ಹೆಚ್ಚಿನ ಸಮಯ. ಮುಂದಿನ ಮಟ್ಟದ ಕ್ಲಾಸಿಗೆ ಬರಬೇಕಾದರೆ ಈ ಅನುಕೂಲಗಳನ್ನು ಬಿಟ್ಟು ಬಾ ಅಂತ ಶಾಲೆ ಷರತ್ತು ಹಾಕುವಂತಿಲ್ಲ. ಯಾರಾದರೂ ಹಾಗೆ ಬಾಯಿಮಾತಿನಲ್ಲಿ ಹೇಳಿದರೆ, ಬರೆದುಕೊಡಿ ಅಂತ ಶಾಂತವಾಗಿ ಕೇಳಿ. ಬರೆದುಕೊಡುವ ಹೊತ್ತಿಗೆ ಮಾತು ಬದಲಾಗುತ್ತದೆ.

ಫ್ರಿಸ್ಕೊ ಮಂಡ್ಯ:

ಅಕ್ಕ, ನೀವು ಬರೆದದ್ದನ್ನು ಮನೆಯವಳಿಗೆ ಓದಿ ಹೇಳಿದೆ. ನಮ್ಮ ತಮ್ಮನ ಮಗನೂ ಹೀಗೇ. ಟೆಕ್ಸಾಸ್‌ನಲ್ಲಿ ರಾಜ್ಯದ ಕಾನೂನೇ ಇದೆ, ಎಲ್ಲ ಡಿಸ್ಟ್ರಿಕ್ಟ್‌ಗಳೂ ಗಿಫ್ಟೆಡ್ ಮಕ್ಕಳನ್ನು ಗುರುತಿಸಲೇಬೇಕು. ಟೀಚರ್‌ಗಳಿಗೆ 30 ಗಂಟೆ ತರಬೇತಿ, ಆಮೇಲೆ ವರ್ಷಕ್ಕೆ 6 ಗಂಟೆ. ಆದರೆ ಪಾಠ ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ವಾರಕ್ಕೆ ಕೆಲವೇ ಗಂಟೆ ಬೇರೆ ಕೋಣೆಗೆ ಕರೆದುಕೊಂಡು ಹೋಗುತ್ತಾರೆ, ಉಳಿದ ಹೊತ್ತೆಲ್ಲ ಮಾಮೂಲಿ ಕ್ಲಾಸು. ಮನೆ ಕೊಳ್ಳುವಾಗ "ಇಲ್ಲಿ ಜಿಟಿ (ಗಿಫ್ಟೆಡ್ ಮಕ್ಕಳ ಪಾಠ) ಇದೆ" ಅಂತ ಏಜೆಂಟ್ ಹೇಳಿದ್ದನ್ನು ನಂಬಿ ಕೂರಬೇಡಿ. ವಾರಕ್ಕೆ ಎಷ್ಟು ಹೊತ್ತು, ಯಾವ ವಿಷಯ, ಯಾರು ಪಾಠ ಮಾಡುತ್ತಾರೆ ಅಂತ ಶಾಲೆಯನ್ನೇ ಕೇಳಿ.

ಮೈಸೂರಿಗೆ ವಾಪಸ್:

ನಾವು ಮುಂದಿನ ಬೇಸಿಗೆಗೆ ಮೈಸೂರಿಗೆ ವಾಪಸ್ ಹೋಗುತ್ತಿದ್ದೇವೆ. ಮಗಳು ಇಲ್ಲಿ ಗಿಫ್ಟೆಡ್ ಕ್ಲಾಸಿನಲ್ಲಿದ್ದಾಳೆ, ಮೂರನೇ ಕ್ಲಾಸ್. ಅಲ್ಲಿ ಇಂಥದ್ದು ಏನಾದರೂ ಇದೆಯಾ?

ಚಾಂಟಿಲಿ ಹಳಬ:

ಈ ಥರದ ಪ್ರತ್ಯೇಕ ಕ್ಲಾಸು ಅಲ್ಲಿನ ಸಾಮಾನ್ಯ ಶಾಲೆಗಳಲ್ಲಿ ಸಿಗುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಕೆಲವು ಪ್ಯಾರಾ ಇವೆ. ಬಿ.ಎಡ್.ನಲ್ಲಿ ಇದಕ್ಕೆ ವಿಶೇಷ ಅಧ್ಯಯನ ಇಡಬಹುದು, ಶಾಲೆಗಳಲ್ಲಿ ವಿಷಯವಾರು ಕ್ಲಬ್ಬುಗಳು ಬೇಕು ಅಂತೆಲ್ಲ. ಬೆಂಗಳೂರಿನಲ್ಲಿ ಐಐಎಸ್ಸಿ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ನಿಯಾಸ್, ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಬಗ್ಗೆ ಕೆಲಸ ಮಾಡಿದೆ. ಅವರನ್ನು ಸಂಪರ್ಕಿಸಿ ನೋಡಿ. ನವೋದಯದ ಬಗ್ಗೆ ಯಾರಾದರೂ ಹೇಳಬಹುದು. ಅದು ಆರನೇ ಕ್ಲಾಸಿನಿಂದ, ಪ್ರವೇಶ ಪರೀಕ್ಷೆ ಇದೆ, ನೂರಕ್ಕೆ ಕನಿಷ್ಠ 75 ಸೀಟು ಹಳ್ಳಿಯ ಮಕ್ಕಳಿಗೆ. ಬಹಳ ಒಳ್ಳೆಯ ವ್ಯವಸ್ಥೆ, ಆದರೆ ನಿಮ್ಮ ಮಗಳಿಗಾಗಿ ಮಾಡಿದ್ದಲ್ಲ, ಅದು ಹಾಗೇ ಇರಲಿ. ಮೈಸೂರಿನಲ್ಲಿ ಚಿಕ್ಕ ಕ್ಲಾಸುಗಳಿರುವ, ಮಗು ಮುಂದಕ್ಕೆ ಓದಿದರೆ ತಡೆಯದ ಶಾಲೆ ಹುಡುಕಿ. ಇಲ್ಲಿನ ರಿಪೋರ್ಟ್, ಕೆಲಸದ ಮಾದರಿಗಳನ್ನೆಲ್ಲ ಜೊತೆಗೆ ತೆಗೆದುಕೊಂಡು ಹೋಗಿ. ಹೊಸ ಟೀಚರ್‌ಗೆ ಅವು ಉಪಯೋಗಕ್ಕೆ ಬರುತ್ತವೆ.

ಹರ್ನ್‌ಡನ್ ಅಮ್ಮ:

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡು ದಿನದಿಂದ ಇದನ್ನೇ ಓದುತ್ತಿದ್ದೇವೆ. ಎಎಆರ್‌ಟಿಗೆ ಮೇಲ್ ಬರೆದೆ, ಲೆವೆಲ್ ಎರಡು ಮತ್ತು ಮೂರಕ್ಕೆ ನೋಡಿ ಅಂತ. ಮರುದಿನವೇ ಉತ್ತರ ಬಂತು, ಮುಂದಿನ ವಾರ ಮಾತಾಡೋಣ ಅಂದಿದ್ದಾರೆ. ಲೆವೆಲ್ ಫೋರ್ ರೆಫರಲ್ ಕೂಡ ಹಾಕುತ್ತೇವೆ. ಕೋಚಿಂಗ್ ಬೇಡ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು.

ಇನ್ನು ಎರಡು ಸಣ್ಣ ಪ್ರಶ್ನೆ. ಸಿಕ್ಕಿದರೆ ಸೆಂಟರ್‌ಗೆ ಹೋಗಲೇಬೇಕಾ? ಅವಳಿಗೆ ಇಲ್ಲಿ ಒಬ್ಬಳೇ ಒಬ್ಬಳು ಗಟ್ಟಿ ಗೆಳತಿ ಇದ್ದಾಳೆ, ಅವಳನ್ನು ಬಿಟ್ಟು ಹೋಗುವುದು ಕಷ್ಟ. ಎರಡನೆಯದು, ಕೆಲಸದ ಮಾದರಿ ಅಂತ ಏನು ಕೊಡಲಿ? ಅವಳು ಅಜ್ಜಿಯ ಕತೆಗಳನ್ನೆಲ್ಲ ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಇಂಗ್ಲಿಷ್‌ನಲ್ಲೂ ಬರೆದು, ಚಿತ್ರ ಹಾಕಿ ಒಂದು ಪುಸ್ತಕ ಮಾಡಿದ್ದಾಳೆ. ಕನ್ನಡ ಇರುವುದನ್ನು ಕೊಡಬಹುದಾ, ಅಥವಾ ಗಣಿತದ ವರ್ಕ್‌ಶೀಟ್ ಕೊಡಲಾ?

ಚಾಂಟಿಲಿ ಹಳಬ:

ಹೋಗಲೇಬೇಕು ಅಂತಿಲ್ಲ. ಬಹಳ ಶಾಲೆಗಳಲ್ಲಿ ಲೋಕಲ್ ಲೆವೆಲ್ ಫೋರ್ ಇದೆ, ಅಲ್ಲೇ ಉಳಿಯಬಹುದು. ಸೆಂಟರ್ ಬೇಕು ಅಂದರೆ ಬಸ್ ವ್ಯವಸ್ಥೆ ಇರುತ್ತದೆ. ನಿಮ್ಮ ಶಾಲೆಯಲ್ಲಿ ಅದನ್ನು ಹೇಗೆ ನಡೆಸುತ್ತಾರೆ, ಒಂದೇ ಕ್ಲಾಸಾಗಿ ಮಾಡಿದ್ದಾರಾ ಅಥವಾ ಎಲ್ಲ ಕ್ಲಾಸುಗಳಿಗೆ ಹಂಚಿದ್ದಾರಾ ಅಂತ ಎಎಆರ್‌ಟಿ ಹತ್ತಿರ ಮುಂದಿನ ವಾರವೇ ಕೇಳಿಬಿಡಿ. ಆಮೇಲೆ ಮಗಳನ್ನೂ ಕೇಳಿ. ಗೆಳತಿಯ ವಿಷಯ ಸಣ್ಣದಲ್ಲ.

ಕ್ಲಾಸ್ ಟೀಚರ್, ವರ್ಜೀನಿಯಾ:

ಪುಸ್ತಕವನ್ನೇ ಕೊಡಿ! ವರ್ಕ್‌ಶೀಟ್‌ನಲ್ಲಿ ಕಾಣುವುದು ಉತ್ತರ ಸರಿ ಇದೆ ಅಂತ ಮಾತ್ರ, ಅಂಥವು ಪ್ರತಿ ಫೈಲಿನಲ್ಲೂ ಇರುತ್ತವೆ. ಸಮಿತಿಯವರಿಗೆ ನಿಮ್ಮ ಮಗಳು ಗೊತ್ತಿಲ್ಲ, ಅವಳು ಹೇಗೆ ಯೋಚಿಸುತ್ತಾಳೆ ಅಂತ ಆ ಕಾಗದವೇ ಹೇಳಬೇಕು. ಇಡೀ ಪುಸ್ತಕ ಬೇಡ, ಒಳ್ಳೆಯ ಒಂದೆರಡು ಪುಟ ಆರಿಸಿ, ಕನ್ನಡ ಇಂಗ್ಲಿಷ್ ಎರಡೂ ಕಾಣುವ ಹಾಗೆ ಸ್ಕ್ಯಾನ್ ಮಾಡಿ. ಅವಳ ಕಾಗುಣಿತ ತಿದ್ದಬೇಡಿ, ಚಿತ್ರಕ್ಕೆ ನೀವು ಬಣ್ಣ ತುಂಬಬೇಡಿ. ಮೇಲೆ ಇಂಗ್ಲಿಷ್‌ನಲ್ಲಿ ಎರಡು ಸಾಲು ಬರೆಯಿರಿ: ಯಾರೂ ಹೇಳದೆ ತಾನಾಗಿ ಶುರು ಮಾಡಿದಳು, ಎರಡು ಭಾಷೆಯಲ್ಲಿ ಯಾಕೆ ಬರೆದಳು ಅಂತ ಅವಳದೇ ಮಾತಿನಲ್ಲಿ. ಒಂದು ಪ್ರತಿ ಕ್ಲಾಸ್ ಟೀಚರ್‌ಗೂ ಕೊಡಿ, ಹೋಪ್ ತುಂಬುವ ಮುಂಚೆ.